ಹೊಸ ಊರಿನಲ್ಲಿ ನಿಮ್ಮ ನಾಯಿ



ಅಪ್ಪನಿಗೆ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಕೆಲಸ ಸಿಕ್ಕಿ, ಮನೆಮಂದಿಯೆಲ್ಲ ಪಾಂಡವಪುರ ಬಿಟ್ಟು ಹೊರಡುವುದು ನಮಗೆ ಹೊಸತೇನಲ್ಲ. ಪಾತ್ರೆ, ಹಾಸಿಗೆ, ಮಂಚ ಎಲ್ಲವೂ ಗಾಡಿ ಏರುತ್ತವೆ. ಕೊನೆಗೆ ಒಂದು ಪ್ರಶ್ನೆ ಉಳಿಯುತ್ತದೆ. ನಾಯಿಯನ್ನು ಏನು ಮಾಡುವುದು? “ಅದು ಪೇಟೆಗೆ ಒಗ್ಗುವುದಿಲ್ಲ, ಇಲ್ಲೇ ಇರಲಿ ಬಿಡು” ಎಂದು ದೊಡ್ಡವರು ಹೇಳಬಹುದು. ಹಾಗೆ ಬಿಟ್ಟುಹೋದ ನಾಯಿ ಬೀಗ ಹಾಕಿದ ಬಾಗಿಲ ಮುಂದೆ ಕಾಯುತ್ತ ಕೂರುವುದನ್ನು ನೀವೂ ನೋಡಿರಬಹುದು.

ನಾಯಿ ಹೊಸ ಊರಿಗೆ ಖಂಡಿತ ಒಗ್ಗಬಲ್ಲದು. ಆದರೆ ಅವಸರ ಮಾಡಬಾರದು. ಈ ಮಾತು ನನಗೆ ತಿಳಿದದ್ದು ನನ್ನದೇ ತಪ್ಪಿನಿಂದ. ಹಲವು ವರ್ಷಗಳ ಹಿಂದೆ ನಾವು ಪಾಂಡವಪುರದಿಂದ ಮೈಸೂರಿಗೆ ಮನೆ ಬದಲಾಯಿಸಿದಾಗ ನಮ್ಮ ಕರಿಯನನ್ನೂ ಕರೆದೊಯ್ದೆವು. “ಊರು ಪರಿಚಯವಾಗಲಿ” ಎಂದು ಮೊದಲ ಸಂಜೆಯೇ ಅದನ್ನು ದೊಡ್ಡ ರಸ್ತೆಗೆ ಕರೆದುಕೊಂಡು ಹೋದೆ. ಬಸ್ಸೊಂದು ಜೋರಾಗಿ ಹಾರನ್ ಮಾಡಿತು. ಕರಿಯ ಬೆದರಿ, ಕೊರಳಪಟ್ಟಿಯಿಂದ ತಲೆ ಬಿಡಿಸಿಕೊಂಡು ಓಡಿತು. ರಾತ್ರಿಯೆಲ್ಲ ಹುಡುಕಿದೆವು. ಬೆಳಿಗ್ಗೆ ಅದು ಒಂದು ಕಲ್ಲುಚಪ್ಪಡಿಯ ಕೆಳಗೆ ನಡುಗುತ್ತ ಮಲಗಿತ್ತು. ಕಾಲಿಗೆ ಗಾಯವಾಗಿತ್ತು. ವಿಜ್ಞಾನ ಓದಿದ ನಾನು ನಾಯಿಯ ವಿಜ್ಞಾನವನ್ನು ಮರೆತಿದ್ದೆ.

ಮೂಗಿನಲ್ಲಿರುವ ನಕ್ಷೆ

ನಾವು ಹೊಸ ಊರನ್ನು ಕಣ್ಣಿನಿಂದ ಗುರುತಿಟ್ಟುಕೊಳ್ಳುತ್ತೇವೆ. ನಾಯಿ ಮುಖ್ಯವಾಗಿ ಮೂಗಿನಿಂದ ಗುರುತಿಟ್ಟುಕೊಳ್ಳುತ್ತದೆ. ನಮ್ಮ ಮೂಗಿನಲ್ಲಿ ವಾಸನೆಯನ್ನು ಗ್ರಹಿಸುವ ಜೀವಕೋಶಗಳು ಸುಮಾರು 50ರಿಂದ 60 ಲಕ್ಷ. ನಾಯಿಯ ಮೂಗಿನಲ್ಲಿ ಅವು 20 ಕೋಟಿಗೂ ಹೆಚ್ಚು ಎಂದು ಅಂದಾಜು. ಅದರ ಮೂಗಿನ ಹೊಳ್ಳೆಗಳ ಪಕ್ಕದಲ್ಲಿ ಸೀಳುಗಳಿವೆ. ಉಸಿರು ಬಿಡುವಾಗ ಗಾಳಿ ಆ ಸೀಳಿನ ಮೂಲಕ ಬದಿಗೆ ಹೋಗುತ್ತದೆ. ಆದ್ದರಿಂದ ಅದು ಮೂಸುತ್ತಿರುವ ವಾಸನೆ ಚದುರಿಹೋಗುವುದಿಲ್ಲ.

ಪಾಂಡವಪುರದ ಕಡೆಯ ನಾಯಿಗೆ ಆಲೆಮನೆಯ ಬೆಲ್ಲ, ಕಬ್ಬಿನ ಗದ್ದೆ, ನಾಲೆಯ ನೀರು, ಕೊಟ್ಟಿಗೆಯ ಸಗಣಿ ಎಲ್ಲವೂ ಪರಿಚಿತ ವಾಸನೆಗಳು. ಪೇಟೆಯಲ್ಲಿ ಇವು ಒಮ್ಮೆಲೇ ಇಲ್ಲವಾಗಿ, ಪೆಟ್ರೋಲಿನ ಹೊಗೆ, ಚರಂಡಿ, ಹೋಟೆಲು, ಹತ್ತಾರು ಅಪರಿಚಿತ ನಾಯಿಗಳ ವಾಸನೆ ಮೂಗಿಗೆ ಬಡಿಯುತ್ತವೆ. ಶಬ್ದವೂ ಹೆಚ್ಚು. ನಮಗೆ ಸೆಕೆಂಡಿಗೆ 20,000 ಕಂಪನಗಳವರೆಗಿನ ಶಬ್ದ ಕೇಳಿಸಿದರೆ, ನಾಯಿಗೆ ಸುಮಾರು 45,000ದವರೆಗೂ ಕೇಳಿಸುತ್ತದೆ. ಅಂದರೆ ನಮಗೆ ಕೇಳಿಸದ ಎಷ್ಟೋ ಶಬ್ದಗಳು ಅದಕ್ಕೆ ಕೇಳಿಸುತ್ತಿರುತ್ತವೆ.

ಮರಿಯಾಗಿದ್ದಾಗ ಕಲಿತ ಪಾಠ

ಕೆಲವು ನಾಯಿಗಳು ಬೇಗ ಒಗ್ಗುತ್ತವೆ, ಕೆಲವು ನಿಧಾನ. ಏಕೆ? ಅಮೆರಿಕದ ವಿಜ್ಞಾನಿಗಳು ಕೆಲವು ಮರಿಗಳನ್ನು 14 ವಾರಗಳವರೆಗೆ ಮನುಷ್ಯರ ಒಡನಾಟವೇ ಇಲ್ಲದಂತೆ ಬೇಲಿ ಹಾಕಿದ ಬಯಲಿನಲ್ಲಿ ಬೆಳೆಸಿದರು. ಆಮೇಲೆ ಆ ಮರಿಗಳು ಮನುಷ್ಯರನ್ನು ಕಂಡರೆ ಹೆದರಿ ದೂರ ಓಡಿದವು. ಐದನೆಯ ಅಥವಾ ಏಳನೆಯ ವಾರದಲ್ಲಿ ಒಂದೇ ಒಂದು ವಾರ ಮನುಷ್ಯರೊಡನೆ ಆಡಿದ ಮರಿಗಳು ಸಲೀಸಾಗಿ ಹತ್ತಿರ ಬಂದವು. ಈ ಫಲಿತಾಂಶ 1961ರಲ್ಲಿ ಪ್ರಕಟವಾಯಿತು. ಮೂರನೆಯ ವಾರದಿಂದ ಸುಮಾರು ಹನ್ನೆರಡು, ಹದಿನಾಲ್ಕನೆಯ ವಾರದವರೆಗೆ ಮರಿಯ ಮಿದುಳು ‘ಇದು ಅಪಾಯವಿಲ್ಲದ್ದು’ ಎಂಬುದನ್ನು ಬಹುಬೇಗ ಕಲಿಯುತ್ತದೆ.

ದೊಡ್ಡ ನಾಯಿಯೂ ಕಲಿಯುತ್ತದೆ. ಆದರೆ ಹೆಚ್ಚು ದಿನ ಬೇಕು. ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ತಳಿಯ ಮರಿಗಳನ್ನು 2016ರಲ್ಲಿ ಭಾರತೀಯ ಸೇನೆ ಉತ್ತರ ಪ್ರದೇಶದ ಮೀರತ್‌ಗೆ ಒಯ್ದು ತರಬೇತಿ ಕೊಟ್ಟಿತು. ಮುಧೋಳದಿಂದ ಮೀರತ್‌ಗೆ ಹೋದ ಮರಿ ಕಲಿಯಬಲ್ಲದಾದರೆ, ಪಾಂಡವಪುರದ ನಾಯಿಗೆ ಮೈಸೂರು ದೂರವೇ?

ಹಂತ ಹಂತವಾಗಿ

1. ಮೊದಲ ಎರಡು ಮೂರು ದಿನ ಮನೆಯಲ್ಲೇ ಇರಲಿ. ಅದು ಮಲಗುತ್ತಿದ್ದ ಹಳೆಯ ಗೋಣಿಚೀಲವನ್ನು ತೊಳೆಯದೆ ತನ್ನಿ. ಹೊಸ ಮನೆಯಲ್ಲಿ ಹಳೆಯ ಮನೆಯ ವಾಸನೆ ಇರುವುದು ಅದರಲ್ಲೇ. ಊಟ ಮೊದಲಿನ ಹೊತ್ತಿಗೇ ಇರಲಿ.

2. ಆಮೇಲೆ ಬೆಳಗಿನ ಜಾವ, ಗಲಾಟೆಯಿಲ್ಲದ ಬೀದಿಯಲ್ಲಿ ಹತ್ತು ನಿಮಿಷ ಅಡ್ಡಾಡಿಸಿ. ಕೊರಳಪಟ್ಟಿ ಸಡಿಲವಾಗಿರಬಾರದು. ಹಗ್ಗ ದೊಡ್ಡವರ ಕೈಯಲ್ಲಿರಲಿ. ನಾಯಿ ಕಂಬದ ಬುಡದಲ್ಲಿ ನಿಂತು ಮೂಸಿದರೆ ಎಳೆಯಬೇಡಿ. ಅದು ಆ ಬೀದಿಯ ಪಾಠ ಓದುತ್ತಿದೆ.

3. ಬೇರೆ ನಾಯಿಗಳನ್ನು ಮೊದಲು ದೂರದಿಂದ ನೋಡಲಿ. ಸುಮ್ಮನೆ ನೋಡಿದರೆ ಒಂದು ಚೂರು ಮುದ್ದೆ ಕೊಡಿ. ದಿನದಿನಕ್ಕೆ ದೂರವನ್ನು ಸ್ವಲ್ಪಸ್ವಲ್ಪ ಕಡಿಮೆ ಮಾಡಿ.

4. ಮಾರುಕಟ್ಟೆ, ಬಸ್ ನಿಲ್ದಾಣಗಳು ಎಲ್ಲಕ್ಕಿಂತ ಕೊನೆಗೆ.

5. ಬಿಸಿಲಿನಲ್ಲಿ ಡಾಂಬರು ಸುಡುತ್ತದೆ. ನಿಮ್ಮ ಮುಂಗೈಯನ್ನು ಐದು ಸೆಕೆಂಡು ರಸ್ತೆಯ ಮೇಲಿಡಲು ಆಗದಿದ್ದರೆ ನಾಯಿಯ ಪಾದಕ್ಕೂ ಅದು ಬಿಸಿಯೇ.

ನಾಯಿ ಏನು ಹೇಳುತ್ತಿದೆ?

ಬಾಲ ಅಲ್ಲಾಡಿದರೆ ಸಂತೋಷ ಎಂದು ನಾವು ತಿಳಿದಿದ್ದೇವೆ. ಯಾವಾಗಲೂ ಹಾಗಲ್ಲ. ಬಾಲ ಸಡಿಲವಾಗಿ ಮೈಯೆಲ್ಲ ಬಳುಕಿದರೆ ಸಂತೋಷ. ಬಾಲ ಸೆಟೆದು ಮೇಲೆದ್ದು ಚಿಕ್ಕದಾಗಿ ಅಲ್ಲಾಡಿದರೆ ಎಚ್ಚರಿಕೆ. ಬಾಲ ಕಾಲಸಂದಿಗೆ ಸೇರುವುದು, ಕಿವಿ ಹಿಂದಕ್ಕೆ ಮಡಚುವುದು, ನಿದ್ದೆಯಿಲ್ಲದೆ ಆಕಳಿಸುವುದು, ಮುಖ ತಿರುಗಿಸುವುದು ಇವು ಭಯದ ಗುರುತುಗಳು. ಭಯವಾದಾಗ ಅಡ್ರಿನಲಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರಿ ಎದೆಬಡಿತ ಹೆಚ್ಚುತ್ತದೆ, ಹಸಿವು ಅಡಗುತ್ತದೆ. ಪ್ರೀತಿಯ ಮುದ್ದೆಯನ್ನೂ ನಾಯಿ ಮುಟ್ಟದಿದ್ದರೆ ಅದು ಬಹಳ ಹೆದರಿದೆ ಎಂದೇ ಅರ್ಥ. ಬೈಯಬೇಡಿ, ಹೊಡೆಯಬೇಡಿ. ಹಿಂದಿರುಗಿ ಮನೆಗೆ ಬನ್ನಿ. ಹೆದರಿದ ನಾಯಿಯೇ ಹೆಚ್ಚಾಗಿ ಕಚ್ಚುವುದು.

ಇದನ್ನು ಮರೆಯಬೇಡಿ

ಹೊರಡುವ ಮೊದಲೇ ಪಶು ಆಸ್ಪತ್ರೆಯಲ್ಲಿ ನಾಯಿಗೆ ರೇಬೀಸ್ ಲಸಿಕೆ ಹಾಕಿಸಿ. ಮರಿಗೆ ಮೂರು ತಿಂಗಳಾದಾಗ ಮೊದಲ ಲಸಿಕೆ, ಆಮೇಲೆ ವೈದ್ಯರು ಹೇಳಿದ ದಿನಗಳಲ್ಲಿ ಮತ್ತೆ. ಲಸಿಕೆಗಳು ಮುಗಿಯುವವರೆಗೆ ಮರಿಯನ್ನು ಬೀದಿಯಲ್ಲಿ ಬಿಡದೆ ಎತ್ತಿಕೊಂಡೇ ಊರು ತೋರಿಸಿ. ಯಾವುದೇ ನಾಯಿ ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಮನೆಯವರಿಂದ ಮುಚ್ಚಿಡದೆ ಅಂದೇ ಆಸ್ಪತ್ರೆಗೆ ಹೋಗಿ. ರೇಬೀಸ್‌ನ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕುವುದು ಬಹುತೇಕ ಅಸಾಧ್ಯ. ಸಕಾಲದ ಲಸಿಕೆ ಜೀವ ಉಳಿಸುತ್ತದೆ.

ಮಾಡಿ ನೋಡಿ

ಮೂರು ತೆಂಗಿನ ಚಿಪ್ಪುಗಳನ್ನು ಬೋರಲು ಹಾಕಿ. ನಾಯಿಗೆ ಕಾಣದಂತೆ ಒಂದರ ಕೆಳಗೆ ಮುದ್ದೆಯ ಚೂರು ಇಡಿ. ನಿಮ್ಮ ಮನೆಯ ನಾಯಿಯನ್ನು ಬಿಟ್ಟು ನೋಡಿ. ಹತ್ತು ಬಾರಿಯಲ್ಲಿ ಎಷ್ಟು ಬಾರಿ ಮೊದಲೇ ಸರಿಯಾದ ಚಿಪ್ಪಿಗೆ ಹೋಯಿತು? ಬರೆದಿಡಿ. ಸುಮ್ಮನೆ ಊಹಿಸಿದರೆ ಹತ್ತಕ್ಕೆ ಮೂರೋ ನಾಲ್ಕೋ ಬಾರಿ ಸರಿಯಾದೀತು. ನಿಮ್ಮ ನಾಯಿಯ ಅಂಕ ಅದಕ್ಕಿಂತ ಹೆಚ್ಚೇ?

ಅಂದಹಾಗೆ, ಗಾಯ ವಾಸಿಯಾದ ಮೇಲೆ ಕರಿಯನನ್ನು ದಿನಕ್ಕೊಂದು ಬೀದಿಯಂತೆ ನಿಧಾನವಾಗಿ ಸುತ್ತಾಡಿಸಿದೆವು. ಎರಡು ತಿಂಗಳಲ್ಲಿ ಅದು ನಮಗಿಂತ ಮುಂದೆ ನಡೆದು ಮನೆಯ ದಾರಿ ತೋರಿಸುತ್ತಿತ್ತು.