ತಳಿಯ ಏರಿಗೆ ಎಂಥ ಸೈಕಲ್?

ತಮಿಳುನಾಡಿನ ಹೊಸೂರಿನಿಂದ ಮತ್ತಿಗಿರಿ, ಬೆಳಗೊಂಡಪಳ್ಳಿ ದಾಟಿ ತಳಿಗೆ ಬರುವ ರಸ್ತೆ ಸುಮಾರು 25 ಕಿಲೋಮೀಟರ್. ಬಸ್ಸಿನಲ್ಲಿ ಕೂತು ಬರುವವರಿಗೆ ಇದು ಹೆಚ್ಚುಕಡಿಮೆ ಮಟ್ಟಸವಾದ ದಾರಿ. ಸೈಕಲ್ ತುಳಿಯುವವರ ಮೊಣಕಾಲು ಬೇರೆಯದೇ ಲೆಕ್ಕ ಹೇಳುತ್ತದೆ. ಒಂದು ದಿಬ್ಬ ಹತ್ತಿ ಉಸಿರು ಬಿಡುವಷ್ಟರಲ್ಲಿ ಇಳಿಜಾರು ಮುಗಿದು ಇನ್ನೊಂದು ದಿಬ್ಬ ಎದುರಾಗುತ್ತದೆ. ತಳಿ ಇರುವುದು ಸಮುದ್ರಮಟ್ಟದಿಂದ ಸುಮಾರು 1000 ಮೀಟರ್ ಎತ್ತರದಲ್ಲಿ. ಇಲ್ಲಿನ ತಂಪು ಹವೆಗೆ ಮನಸೋತ ಬ್ರಿಟಿಷರು ಊರನ್ನು ‘ಲಿಟಲ್ ಇಂಗ್ಲೆಂಡ್’ ಎಂದು ಕರೆದರು. ಬೆಳಗಿನ ಹೊತ್ತು ಸೈಕಲ್ ತುಳಿಯಲು ಇಷ್ಟು ಹಿತವಾದ ಸೀಮೆ ಸುತ್ತಮುತ್ತ ಅಪರೂಪ. ಹವೆ ಸೈಕಲ್ಲಿಗೆ ಒಗ್ಗುತ್ತದೆ, ನೆಲ ಸುಲಭಕ್ಕೆ ಒಗ್ಗುವುದಿಲ್ಲ.

ಈ ಭಾಗದ ಮನೆಗಳಲ್ಲಿ ಸೈಕಲ್ ಹೊಸದಲ್ಲ. ಹಾಲಿನ ಕ್ಯಾನು, ರಾಗಿ ಮೂಟೆ, ಹೂವಿನ ಬುಟ್ಟಿ ಹೊತ್ತದ್ದು ಕರಿಯ ರೋಡ್‌ಸ್ಟರ್ ಸೈಕಲ್ಲೇ. 1980ರಲ್ಲಿ ಹೊಸೂರಿನ ಕಾರ್ಖಾನೆಯಿಂದ ಟಿವಿಎಸ್ 50 ಮೊಪೆಡ್ ಹೊರಬಂದ ಮೇಲೆ ಹೊರೆ ಹೊರುವ ಕೆಲಸ ಮೆಲ್ಲಗೆ ಮೊಪೆಡ್ಡಿನ ಪಾಲಾಯಿತು. ಆಮೇಲೆ ಸೈಕಲ್ ಮಕ್ಕಳ ಕೈಗೆ ಬಂತು. ತಮಿಳುನಾಡು ಸರಕಾರ ಹನ್ನೊಂದನೇ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡುತ್ತದೆ. ಗಡಿಯಾಚೆ ಕರ್ನಾಟಕದಲ್ಲಿ ಎಂಟನೇ ತರಗತಿಯವರಿಗೆ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಶುರುವಾಯಿತು. ಆ ಮಕ್ಕಳೇ ಈಗ ದುಡಿಯುವ ವಯಸ್ಸಿಗೆ ಬಂದಿದ್ದಾರೆ. ಆರೋಗ್ಯಕ್ಕೋ, ಕೆಲಸಕ್ಕೆ ಹೋಗಿಬರುವುದಕ್ಕೋ ಮತ್ತೆ ಸೈಕಲ್ ಬೇಕೆನಿಸಿದಾಗ ಅಂಗಡಿಯವರು ಅವರ ಮುಂದೆ ನಿಲ್ಲಿಸುವುದು ಹೈಬ್ರಿಡ್.

ಹೈಬ್ರಿಡ್ ಎಂದರೆ ಎರಡು ಕುಲದ ಸೈಕಲ್ಲುಗಳ ಬೆಸುಗೆ. ರಸ್ತೆಯಲ್ಲಿ ವೇಗವಾಗಿ ಓಡುವ ರೇಸ್ ಸೈಕಲ್ಲಿನಿಂದ ದೊಡ್ಡ ಗಾಲಿ ಬಂದಿದೆ. ಅಂಗಡಿಯವರು 700ಸಿ ಎನ್ನುವ ಈ ಗಾಲಿಯಲ್ಲಿ ಟೈರ್ ಕೂರುವ ಜಾಗದ ವ್ಯಾಸ 622 ಮಿಲಿಮೀಟರ್. ಗುಡ್ಡಗಾಡಿನ ಮೌಂಟನ್ ಬೈಕಿನಿಂದ ನೇರ ಹ್ಯಾಂಡಲ್, ಚಿಕ್ಕ ಗೇರು, ಬಿಗಿ ಬ್ರೇಕು ಬಂದಿವೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1970ರ ದಶಕದಲ್ಲಿ ಹುಟ್ಟಿದ ಮೌಂಟನ್ ಬೈಕ್ ಜನಪ್ರಿಯವಾದ ಮೇಲೆ, ‘ನಮಗೆ ಗುಡ್ಡ ಬೇಡ, ಹಾಳು ರಸ್ತೆಯಲ್ಲಿ ಆರಾಮಾಗಿ ಹೋಗುವಂಥದ್ದು ಸಾಕು’ ಎಂದವರಿಗಾಗಿ 1980ರ ದಶಕದಲ್ಲಿ ಈ ಮಾದರಿ ಬಂತು. ಬೆನ್ನು ತೀರಾ ಬಾಗಿಸದೆ ಕೂರಬಹುದು. ಟೈರು ಸಾಮಾನ್ಯವಾಗಿ 32ರಿಂದ 42 ಮಿಲಿಮೀಟರ್ ದಪ್ಪ, ಒಟ್ಟು ತೂಕ 12ರಿಂದ 15 ಕಿಲೋ. ಹಳೆಯ ರೋಡ್‌ಸ್ಟರ್ 20 ಕಿಲೋ ದಾಟುತ್ತದೆ.

ತೂಕದ ಈ ಅಂತರವನ್ನೇ ಕೊಳ್ಳುವವರು ಮೊದಲು ವಿಚಾರಿಸುವುದು. ಒಂದು ಕೈಯಲ್ಲಿ ಎತ್ತಿ ನೋಡಿ ತಲೆದೂಗುತ್ತಾರೆ. ಏರಿನಲ್ಲಿ ನಮ್ಮನ್ನು ನಿಜಕ್ಕೂ ಕಾಡುವುದು ತೂಕವೇನಾ ಎಂದು ಲೆಕ್ಕ ಹಾಕಿ ನೋಡೋಣ.

ನೂರು ಮೀಟರ್ ಸಾಗುವಷ್ಟರಲ್ಲಿ ಆರು ಮೀಟರ್ ಮೇಲೇರುವ ಒಂದು ದಿಬ್ಬ, 70 ಕಿಲೋ ತೂಕದ ಸವಾರ, ಗಂಟೆಗೆ 8 ಕಿಲೋಮೀಟರ್ ವೇಗ. ಸೈಕಲ್ 15 ಕಿಲೋ ಇದ್ದರೆ ಸುಮಾರು 125 ವಾಟ್ ಶಕ್ತಿ ಬೇಕು. 22 ಕಿಲೋದ ರೋಡ್‌ಸ್ಟರ್ ಆದರೆ ಸುಮಾರು 136 ವಾಟ್. ಏಳು ಕಿಲೋ ಇಳಿಸಿ ಉಳಿಸಿದ್ದು ನೂರಕ್ಕೆ ಎಂಟರಷ್ಟು. ಒಂದೆರಡು ಕಿಲೋ ಹಗುರಾದ ಫ್ರೇಮಿಗೆ ಸಾವಿರಾರು ರೂಪಾಯಿ ಹೆಚ್ಚು ಕೊಟ್ಟರೆ ದಕ್ಕುವುದು ಇದರ ಒಂದು ತುಣುಕು ಮಾತ್ರ.

ಈಗ ಗೇರಿನ ಕಡೆಗೆ ಬನ್ನಿ. ರೋಡ್‌ಸ್ಟರ್‌ನಲ್ಲಿ ಪೆಡಲಿನ ಹಲ್ಲುಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18 ಹಲ್ಲು ಎಂದಿಟ್ಟುಕೊಳ್ಳಿ. ಪೆಡಲು ಒಂದು ಸುತ್ತು ಬಂದರೆ ಸೈಕಲ್ ಐದೂವರೆ ಮೀಟರ್ ಮುಂದೆ ಹೋಗುತ್ತದೆ. 8 ಕಿಲೋಮೀಟರ್ ವೇಗದಲ್ಲಿ ಏರು ಹತ್ತುವಾಗ ಕಾಲು ನಿಮಿಷಕ್ಕೆ 24 ಸುತ್ತಷ್ಟೇ ತಿರುಗುತ್ತದೆ. ಅಷ್ಟು ನಿಧಾನದ ಸುತ್ತಿನಲ್ಲಿ 136 ವಾಟ್ ಹೊಮ್ಮಿಸಬೇಕಾದರೆ ಪೆಡಲನ್ನು ಸರಾಸರಿ 32 ಕಿಲೋ ಭಾರದಷ್ಟು ಬಲದಿಂದ ಒತ್ತುತ್ತಲೇ ಇರಬೇಕು. ಪೆಡಲು ಮುಂದಕ್ಕೆ ಚಾಚಿದ ಕ್ಷಣದಲ್ಲಿ ಬೇಕಾಗುವ ಬಲ ಇದಕ್ಕಿಂತಲೂ ಹೆಚ್ಚು. ಹಾಗಾಗಿಯೇ ಜನ ಸೀಟು ಬಿಟ್ಟೆದ್ದು ತುಳಿಯುತ್ತಾರೆ, ಆಮೇಲೆ ಇಳಿದು ತಳ್ಳುತ್ತಾರೆ. ಹೈಬ್ರಿಡ್‌ನಲ್ಲಿ ಮುಂದೆ 28, ಹಿಂದೆ 34 ಹಲ್ಲಿನ ಗೇರು ಹಾಕಿದರೆ ಒಂದು ಸುತ್ತಿಗೆ ಸಾಗುವುದು 1.8 ಮೀಟರ್. ಅದೇ ವೇಗಕ್ಕೆ ಕಾಲು ನಿಮಿಷಕ್ಕೆ 74 ಸುತ್ತು ತಿರುಗುತ್ತದೆ, ಪೆಡಲಿನ ಮೇಲಿನ ಸರಾಸರಿ ಒತ್ತಡ 10 ಕಿಲೋಗೆ ಇಳಿಯುತ್ತದೆ. ತೂಕ ಇಳಿಸಿದ್ದರಿಂದ ನೂರಕ್ಕೆ ಎಂಟು ಉಳಿಯಿತು, ಗೇರು ಇಳಿಸಿದ್ದರಿಂದ ಒತ್ತಡ ಮೂರನೇ ಒಂದು ಪಾಲಿಗೆ ಬಂತು. ಮೊಣಕಾಲು ನೋವಿನಿಂದ ಸೈಕಲ್ ಬಿಟ್ಟವರಲ್ಲಿ ಅನೇಕರಿಗೆ ಬೇಕಿದ್ದದ್ದು ಇಂಥ ಒಂದು ಗೇರು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ದುರದೃಷ್ಟವೆಂದರೆ ಅಂಗಡಿಯಲ್ಲಿ ಮಾತಾಡುವುದು ಗೇರುಗಳ ಸಂಖ್ಯೆಯನ್ನು. 21 ಗೇರು, 24 ಗೇರು ಎಂದು ಸ್ಟಿಕರ್ ಅಂಟಿಸಿರುತ್ತಾರೆ. ಮುಂದೆ ಮೂರು, ಹಿಂದೆ ಏಳು, ಗುಣಿಸಿದರೆ 21. ಆದರೆ ಅವುಗಳಲ್ಲಿ ಎಷ್ಟೋ ಗೇರುಗಳು ಹೆಚ್ಚುಕಡಿಮೆ ಒಂದೇ. 48ಕ್ಕೆ 24 ಹಲ್ಲು ಜೋಡಿಸಿದರೂ, 28ಕ್ಕೆ 14 ಹಲ್ಲು ಜೋಡಿಸಿದರೂ ಸಿಗುವ ಅನುಪಾತ ಎರಡೇ. ನಮಗೆ ಮುಖ್ಯವಾದದ್ದು ತೀರಾ ಕೆಳಗಿನ ಗೇರು ಎಷ್ಟು ಕೆಳಗಿದೆ ಎಂಬುದು. ಅದು ಒಂದಕ್ಕೆ ಒಂದರ ಅನುಪಾತಕ್ಕಿಂತ ಕೆಳಗಿದ್ದರೆ ತಳಿ, ಡೆಂಕಣಿಕೋಟೆ, ಅಂಚೆಟ್ಟಿ ಕಡೆಯ ಏರುಗಳಲ್ಲಿ ಇಳಿದು ತಳ್ಳುವ ಪ್ರಸಂಗ ಕಡಿಮೆಯಾಗುತ್ತದೆ.

ಈಗಾಗಲೇ ಮನೆಯಲ್ಲಿರುವ ಹೈಬ್ರಿಡ್‌ನ ಹಿಂದಿನ ದೊಡ್ಡ ಚಕ್ರಕ್ಕೆ 28 ಹಲ್ಲಿದ್ದರೆ ಸೈಕಲ್ ಬದಲಿಸಬೇಕಿಲ್ಲ. ಏಳು ಗೇರಿನ ಫ್ರೀವೀಲಿನಲ್ಲಿ 14ರಿಂದ 34 ಹಲ್ಲಿನದೂ ಸಿಗುತ್ತದೆ. ಹಳೆಯದನ್ನು ಬಿಚ್ಚಿ ಅದನ್ನು ಕೂರಿಸಿದರೆ ಏರಿನಲ್ಲಿ ಕಾಲಿನ ಮೇಲಿನ ಹೊರೆ ನೂರಕ್ಕೆ ಸುಮಾರು ಹದಿನೆಂಟರಷ್ಟು ಇಳಿಯುತ್ತದೆ. ಚೈನು ಒಂದೆರಡು ಕೊಂಡಿ ಉದ್ದ ಬೇಕಾಗಬಹುದು. ಹಿಂದಿನ ಡಿರೇಲರ್, ಅಂದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಆ ತೋಳು, 34 ಹಲ್ಲನ್ನು ತಾಳುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಏಳನ್ನು ಎಂಟೋ ಒಂಬತ್ತೋ ಮಾಡಲು ಹೊರಟರೆ ಶಿಫ್ಟರ್, ಚೈನು, ಕೆಲವೊಮ್ಮೆ ಹಿಂದಿನ ಗಾಲಿಯ ಹಬ್ಬು ಎಲ್ಲ ಬದಲಾಗಬೇಕು. ಆ ಹಣಕ್ಕೆ ಒಳ್ಳೆಯ ಹಳೆ ಸೈಕಲ್ಲೇ ಬರುತ್ತದೆ.

ಹಬ್ಬಿನ ವಿಷಯ ಬಂದದ್ದರಿಂದ ಒಂದು ಮಾತು. ಅಗ್ಗದ ಸೈಕಲ್ಲುಗಳಲ್ಲಿ ಫ್ರೀವೀಲನ್ನು ಹಬ್ಬಿಗೆ ತಿರುಪಿನಂತೆ ತಿರುಗಿಸಿ ಬಿಗಿದಿರುತ್ತಾರೆ. ಆ ಬದಿಯ ಬೇರಿಂಗ್ ಬಾಲ್ಸು ಹಲ್ಲುಚಕ್ರಗಳ ಒಳಬದಿಯಲ್ಲಿ ಉಳಿಯುತ್ತವೆ, ಆಕ್ಸಲಿನ ತುದಿ ಆಸರೆಯಿಲ್ಲದೆ ಉದ್ದಕ್ಕೆ ಚಾಚಿರುತ್ತದೆ. ಭಾರದ ಸವಾರ ಗುಂಡಿಗೆ ಇಳಿಸಿದರೆ ಆಕ್ಸಲ್ ಬಾಗುತ್ತದೆ, ಕೆಲವೊಮ್ಮೆ ಮುರಿಯುತ್ತದೆ. ಶಿಮಾನೊ ಕಂಪನಿ 1921ರಲ್ಲಿ ಜಪಾನಿನ ಸಕಾಯಿ ಊರಿನಲ್ಲಿ ಶುರುವಾದದ್ದು ಫ್ರೀವೀಲ್ ತಯಾರಿಸಲೆಂದೇ. ಅದೇ ಕಂಪನಿ 1978ರಲ್ಲಿ ತಂದ ಫ್ರೀಹಬ್ಬಿನಲ್ಲಿ ಬಾಲ್ಸು ಹೊರತುದಿಯ ಹತ್ತಿರಕ್ಕೆ ಸರಿದವು. ಇದರ ಮೇಲೆ ಕೂರುವ ಹಲ್ಲುಚಕ್ರಗಳ ಕಟ್ಟಿಗೆ ಕ್ಯಾಸೆಟ್ ಎನ್ನುತ್ತಾರೆ. ನಿಮ್ಮದರಲ್ಲಿ ಯಾವುದಿದೆ ಎಂದು ತಿಳಿಯಲು ಹಿಂದಿನ ಗಾಲಿ ಕಳಚಿ ಹಲ್ಲುಚಕ್ರಗಳನ್ನು ಹಿಮ್ಮುಖವಾಗಿ ತಿರುಗಿಸಿ. ಮಧ್ಯೆ ಟೂಲ್ ಕೂರುವ ಕಚ್ಚುಗಳೂ ಜೊತೆಗೆ ತಿರುಗಿದರೆ ಕ್ಯಾಸೆಟ್, ಅವು ಸುಮ್ಮನಿದ್ದರೆ ಫ್ರೀವೀಲ್. ಎಂಬತ್ತು ಕಿಲೋ ಮೇಲ್ಪಟ್ಟವರು, ಕ್ಯಾರಿಯರಿನಲ್ಲಿ ಸಾಮಾನು ಹೇರುವವರು ಕ್ಯಾಸೆಟ್ ಇರುವುದನ್ನೇ ಕೊಳ್ಳುವುದು ಕ್ಷೇಮ.

ಗೇರಿನ ನಂತರ ಹಣ ಹಾಕಬೇಕಾದದ್ದು ಟೈರಿಗೆ. ಟೈರು ಸಣ್ಣಗೆ, ಗಾಳಿ ಕಲ್ಲಿನಂತೆ ಬಿಗಿಯಾಗಿ ಇದ್ದರೆ ಸೈಕಲ್ ಜೋರಾಗಿ ಓಡುತ್ತದೆಂದು ಎಷ್ಟೋ ಜನ ನಂಬಿದ್ದಾರೆ. ನುಣುಪಾದ ಟ್ರ್ಯಾಕಿನಲ್ಲಿ ಅದು ನಿಜ. ಜಲ್ಲಿ ಎದ್ದ ರಸ್ತೆಯಲ್ಲಿ, ರಾಗಿ ಹೊಲದ ಬದಿಯ ಮಣ್ಣುದಾರಿಯಲ್ಲಿ ಬಿಗಿ ಟೈರು ಪ್ರತಿ ಕಲ್ಲಿನ ಮೇಲೂ ಸೈಕಲ್ಲನ್ನೂ ಸವಾರನನ್ನೂ ಎತ್ತಿ ಕುಕ್ಕುತ್ತದೆ. ಮುಂದೆ ಹೋಗಬೇಕಾದ ಶಕ್ತಿ ಮೈಯ ಅಲುಗಾಟದಲ್ಲಿ ಕಳೆದುಹೋಗುತ್ತದೆ. ಕೊಂಚ ಮೆತ್ತಗಿರುವ ದಪ್ಪ ಟೈರು ಕಲ್ಲಿನ ಆಕಾರಕ್ಕೆ ತಾನೇ ತಗ್ಗುತ್ತದೆ, ಸೈಕಲ್ ಮಟ್ಟದಲ್ಲೇ ಸಾಗುತ್ತದೆ. 70 ಕಿಲೋದವರಿಗೆ 38 ಮಿಲಿಮೀಟರ್ ಟೈರಿನಲ್ಲಿ 45ರಿಂದ 55 ಪಿಎಸ್‌ಐ ಗಾಳಿ ಚೆನ್ನಾಗಿ ಹೊಂದುತ್ತದೆ. ಹಿಂದಿನ ಗಾಲಿಗೆ ಸ್ವಲ್ಪ ಹೆಚ್ಚು, ಮುಂದಿನದಕ್ಕೆ ಸ್ವಲ್ಪ ಕಡಿಮೆ ಇರಲಿ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಗರಿಷ್ಠ ಮಿತಿಯನ್ನು ದಾಟಬೇಡಿ. ನಮ್ಮ ಕಡೆ ಜಾಲಿಮುಳ್ಳು ಧಾರಾಳ, ಆದ್ದರಿಂದ ಒಳಗೆ ಮುಳ್ಳು ತಡೆಯುವ ಪದರವಿರುವ ಟೈರು ತೂಕ ಹೆಚ್ಚಿದ್ದರೂ ವಾಸಿ.

ಗಾಳಿ ತುಂಬುವ ವಾಲ್ವ್ ಕೂಡ ನೋಡಿಕೊಳ್ಳಬೇಕು, ಇದನ್ನು ಪೇಟೆಯ ಅಂಗಡಿಗಳಲ್ಲಿ ಯಾರೂ ಹೇಳುವುದಿಲ್ಲ. ಹಳ್ಳಿಯ ಸೈಕಲ್ ಅಂಗಡಿಯ ಪಂಪು ಸಣ್ಣ ರಬ್ಬರ್ ವಾಲ್ ಟ್ಯೂಬ್ ಇರುವ ಹಳೆಯ ವಾಲ್ವಿಗೆ ಹೊಂದುವಂಥದ್ದು. ರೇಸ್ ಸೈಕಲ್ಲಿನ ತೆಳ್ಳಗಿನ ಪ್ರೆಸ್ಟಾ ವಾಲ್ವ್ ಕಂಡರೆ ಅಂಗಡಿಯವರು ‘ನಮ್ಮ ಪಂಪು ಇದಕ್ಕೆ ಕೂರಲ್ಲ ಕಣಪ್ಪಾ’ ಎಂದುಬಿಡುತ್ತಾರೆ. ಮೋಟರ್ ಬೈಕಿನಲ್ಲಿರುವ ಶ್ರೇಡರ್ ವಾಲ್ವ್ ಇರುವ ಟ್ಯೂಬು ಹಾಕಿಸಿದರೆ ಜವಳಗಿರಿಯಲ್ಲೂ ಕೆಲಮಂಗಲದಲ್ಲೂ ಯಾವ ಪಂಕ್ಚರ್ ಅಂಗಡಿಯಲ್ಲಾದರೂ ಗಾಳಿ ಹೊಡೆಸಬಹುದು. ಪ್ರೆಸ್ಟಾವೇ ಇದ್ದರೆ ಅದರ ತಲೆಗೆ ತಿರುಗಿಸುವ ಪುಟ್ಟ ಹಿತ್ತಾಳೆ ಅಡಾಪ್ಟರ್ ಸಿಗುತ್ತದೆ, ಒಂದನ್ನು ಸದಾ ಜೇಬಿನಲ್ಲಿಡಿ.

ಮುಂದಿನ ಸ್ಪ್ರಿಂಗ್ ಫೋರ್ಕಿಗೆ ಮರುಳಾಗಬೇಡಿ. ಅಗ್ಗದ ಫೋರ್ಕು ಸೈಕಲ್ಲಿಗೆ ಒಂದಿಷ್ಟು ಭಾರ ಸೇರಿಸುತ್ತದೆ. ಏರಿನಲ್ಲಿ ಎದ್ದು ತುಳಿದಾಗ ಕುಗ್ಗಿ ಹಿಗ್ಗಿ ನಿಮ್ಮ ಶ್ರಮದ ಒಂದು ಭಾಗವನ್ನು ತಾನೇ ನುಂಗುತ್ತದೆ. ಕೆಂಪು ಧೂಳು ಹೊಕ್ಕಿತೆಂದರೆ ಬೇಗ ಹಿಡಿದುಕೊಳ್ಳುತ್ತದೆ. ಗಟ್ಟಿ ಫೋರ್ಕು, ದಪ್ಪ ಟೈರು ಸಾಕು.

ಬ್ರೇಕಿನಲ್ಲಿ ಮಾತ್ರ ಕೈ ಹಿಡಿತ ಮಾಡಬಾರದು. ಡೆಂಕಣಿಕೋಟೆಯಿಂದ ಕಾಡಿನ ಮೂಲಕ ಅಂಚೆಟ್ಟಿಗೆ ಇಳಿಯುವ ತಿರುವುಗಳನ್ನು ನೆನೆಯಿರಿ. ಸವಾರ, ಸೈಕಲ್ ಸೇರಿ 85 ಕಿಲೋ ಭಾರ 300 ಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 250 ಕಿಲೋಜೂಲ್. ಮುಕ್ಕಾಲು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಅಷ್ಟು ಶಾಖ ಸಾಕು. ಒಂದಿಷ್ಟನ್ನು ಎದುರುಗಾಳಿ ಹೀರಿಕೊಂಡರೂ ಮಿಕ್ಕದ್ದೆಲ್ಲ ಬ್ರೇಕಿನಲ್ಲಿ ಬಿಸಿಯಾಗಿ ಹೊರಬರಬೇಕು. ರಿಮ್ಮಿಗೆ ಒತ್ತುವ ವಿ-ಬ್ರೇಕ್ ಒಣ ರಸ್ತೆಯಲ್ಲಿ ಏನೂ ಕಡಿಮೆಯಲ್ಲ, ರಿಪೇರಿಯೂ ಸುಲಭ. ಮಳೆಯಲ್ಲಿ ಒದ್ದೆ ರಿಮ್ಮು ಜಾರುತ್ತದೆ, ಹಿಡಿತ ತಡವಾಗಿ ಸಿಗುತ್ತದೆ. ದಿನವೂ ಮಳೆಗಾಲದಲ್ಲೂ ಓಡಾಡುವವರಿಗೆ ಡಿಸ್ಕ್ ಸರಿ. ಯಾವುದೇ ಇರಲಿ, ಸವೆದ ಬ್ರೇಕ್ ರಬ್ಬರು, ತುಕ್ಕು ಹಿಡಿದ ತಂತಿ ಬದಲಿಸುವುದು ಅತಿ ಅಗ್ಗದ ಸುಧಾರಣೆ. ಉದ್ದ ಇಳಿಜಾರಿನಲ್ಲಿ ಬ್ರೇಕನ್ನು ಒತ್ತಿ ಹಿಡಿದೇ ಇರಬೇಡಿ. ತಿರುವಿಗೆ ಮುಂಚೆ ಗಟ್ಟಿಯಾಗಿ ಒತ್ತಿ, ಬಿಟ್ಟು, ತಣಿಯಲು ಬಿಡಿ.

ಚೈನಿಗೆ ಹಳೆ ಎಂಜಿನ್ ಆಯಿಲ್ ಹಚ್ಚುವ ರೂಢಿ ನಮ್ಮಲ್ಲಿದೆ. ಧೂಳು ಅದಕ್ಕಂಟಿ ಅರದಂತೆ ಉಜ್ಜುತ್ತದೆ. ಒರೆಸಿ ಸ್ವಚ್ಛ ಮಾಡಿ, ಪ್ರತಿ ಕೊಂಡಿಗೆ ಒಂದೊಂದು ಹನಿ ತೆಳು ಎಣ್ಣೆ ಬಿಟ್ಟು, ಹೊರಮೈಯನ್ನು ಮತ್ತೆ ಒರೆಸಬೇಕು. ಸವೆತ ಅಳೆಯಲು ಮಕ್ಕಳ ಸ್ಟೀಲ್ ಸ್ಕೇಲು ಸಾಕು. ಹೊಸ ಚೈನಿನಲ್ಲಿ 12 ಪೂರ್ಣ ಕೊಂಡಿಗಳು ಸರಿಯಾಗಿ 12 ಇಂಚು ಇರುತ್ತವೆ. ಅದು ಒಂದು ಇಂಚಿನ ಹದಿನಾರನೇ ಒಂದು ಭಾಗ ಹಿಗ್ಗಿದ್ದರೆ ಚೈನು ಬದಲಿಸಿ. ಎಂಟನೇ ಒಂದು ಭಾಗದಷ್ಟು ಹಿಗ್ಗುವ ತನಕ ಬಿಟ್ಟರೆ ಅಷ್ಟರಲ್ಲಿ ಹಲ್ಲುಚಕ್ರಗಳೂ ತಿಂದುಹೋಗಿರುತ್ತವೆ.

ಸೀಟಿನ ಎತ್ತರ ಸರಿಪಡಿಸಲು ಕಾಸೇ ಬೇಡ. ಸೀಟಿನ ಮೇಲೆ ಕೂತು, ಕೆಳಗಿರುವ ಪೆಡಲಿನ ಮೇಲೆ ಹಿಮ್ಮಡಿ ಇಟ್ಟಾಗ ಕಾಲು ನೆಟ್ಟಗಾಗಬೇಕು. ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲು ಆಗ ತಕ್ಕಷ್ಟೇ ಬಾಗುತ್ತದೆ. ಕಾಲು ನೆಲಕ್ಕೆ ಪೂರ್ತಿ ಎಟುಕಲಿ ಎಂದು ಸೀಟು ತಗ್ಗಿಸಿ ತುಳಿಯುವವರೇ ನಮ್ಮಲ್ಲಿ ಹೆಚ್ಚು. ಅದರ ಬೆಲೆಯನ್ನು ಮೊಣಕಾಲು ತೆರುತ್ತದೆ.

ಇನ್ನು ದೀಪ. ಬನ್ನೇರುಘಟ್ಟದ ಕಡೆಯಿಂದ ಆನೆಗಳು ಜವಳಗಿರಿ ಕಾಡಿಗೆ ಬರುವುದು ರಾಗಿ ತೆನೆ ಬಲಿಯುವ ಕಾಲದಲ್ಲಿ. ಸದ್ದಿಲ್ಲದೆ ಸಾಗುವ ಸೈಕಲ್ ಆನೆಗೂ ಗೊತ್ತಾಗುವುದಿಲ್ಲ, ತಿರುವಿನಾಚೆ ನಿಂತ ಆನೆ ಸವಾರನಿಗೂ ಕಾಣುವುದಿಲ್ಲ. ಮುಂದೆ ಒಳ್ಳೆಯ ದೀಪ, ಹಿಂದೆ ಕೆಂಪು ದೀಪ ಹಾಕಿಸಿ. ಆದರೆ ಕಾಡಂಚಿನ ದಾರಿಯಲ್ಲಿ ಸಂಜೆ ಕವಿದ ಮೇಲೆ, ಬೆಳಕು ಹರಿಯುವ ಮುನ್ನ ದೀಪವನ್ನು ನಂಬಿ ಹೊರಡಬೇಡಿ.

ಹೊಸ ಸೈಕಲ್ ನೋಡಲು ಹೊಸೂರಿಗೋ ಬೆಂಗಳೂರಿಗೋ ಹೋದಾಗ ಗೇರಿನ ಸಂಖ್ಯೆ, ಬಣ್ಣ, ಸ್ಪ್ರಿಂಗು ಎಲ್ಲ ಬದಿಗಿರಲಿ. ಮುಂದಿನ ಅತಿ ಚಿಕ್ಕ ಚಕ್ರಕ್ಕೆ ಎಷ್ಟು ಹಲ್ಲು, ಹಿಂದಿನ ಅತಿ ದೊಡ್ಡ ಚಕ್ರಕ್ಕೆ ಎಷ್ಟು, ಈ ಫ್ರೇಮಿನಲ್ಲಿ ಎಷ್ಟು ದಪ್ಪದ ಟೈರು ಹಿಡಿಸುತ್ತದೆ ಎಂದು ಕೇಳಿ. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಹಲ್ಲು ನೀವೇ ಎಣಿಸಿ. ಹಿಂದಿನ ಲೆಕ್ಕ ಮುಂದಿನದಕ್ಕಿಂತ ಹೆಚ್ಚಿದ್ದು, 38 ಮಿಲಿಮೀಟರ್ ಟೈರಿಗೆ ಜಾಗವಿದ್ದರೆ ಧೈರ್ಯವಾಗಿ ಹಣ ಕೊಡಿ.