ಜಿಲ್ಲೆ ಒಂದೇ, ಅಂಕ ಬೇರೆ!

ಮಂಡ್ಯ ಸಕ್ಕರೆ ನಾಡಾದರೇನು? ಸರ್ಕಾರದ ತಕ್ಕಡಿಯಲ್ಲಿ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಪ್ರತ್ಯೇಕವಾಗಿಯೇ ತೂಗಿಸಿಕೊಂಡಿವೆ. ಪ್ರಾದೇಶಿಕ ಅಸಮತೋಲನ ಅಳೆಯಲು ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಜಿಲ್ಲೆಗಳ ಲೆಕ್ಕಕ್ಕಷ್ಟೇ ನಿಲ್ಲದೆ ತಾಲ್ಲೂಕುಗಳಿಗೇ ಅಂಕ ಕೊಟ್ಟಿತು. 2002ರ ಈ ವರದಿಯಲ್ಲಿ ಅಂದಿನ 175 ತಾಲ್ಲೂಕುಗಳಿಗೂ 35 ಸೂಚ್ಯಂಕಗಳ ಪರೀಕ್ಷೆ. ರಾಜ್ಯದ ಸರಾಸರಿ 1. ಕೂದಲೆಳೆ ಅಂತರದಲ್ಲಿ 0.99 ಬಂದರೂ ‘ಹಿಂದುಳಿದ’ ಹಣೆಪಟ್ಟಿ! 0.88ಕ್ಕಿಳಿದರೆ ‘ಅತಿ ಹಿಂದುಳಿದ’, 0.79ಕ್ಕಿಳಿದರೆ ‘ಅತ್ಯಂತ ಹಿಂದುಳಿದ’. ಹೀಗೆ ಪಟ್ಟಿಗೆ ಬಿದ್ದವು 114. ಇವುಗಳನ್ನು ಮೇಲೆತ್ತಲು 8 ವರ್ಷಗಳಲ್ಲಿ 31,000 ಕೋಟಿ ರೂಪಾಯಿ ಬೇಕೆಂದಿತು ಸಮಿತಿ. ಬರದ ಸೀಮೆಯಷ್ಟೇ ಹಿಂದುಳಿದಿದೆ ಎಂದುಕೊಳ್ಳಬೇಡಿ: ಬೆಂಗಳೂರಿನ ಮಗ್ಗುಲಲ್ಲೇ ಇರುವ ಕನಕಪುರ, ಮಾಗಡಿ ಕೂಡ ‘ಅತ್ಯಂತ ಹಿಂದುಳಿದ’ ಸಾಲಿನಲ್ಲಿದ್ದವು.