ಮುಚ್ಚಿಹೋದ ಚಾಕುವಿನ ಕಾರ್ಖಾನೆ

ನಿಮ್ಮ ಮನೆಯ ಈಳಿಗೆಮಣೆಗೆ ಎಷ್ಟು ವರ್ಷವಾಯಿತು? ತವರಿನಿಂದ ತಂದದ್ದೋ, ಅತ್ತೆಯವರ ಕಾಲದ್ದೋ? ದಿನಾ ಅದರ ಮುಂದೆ ಕೂತು ಹುರುಳಿಕಾಯಿ ಹೆಚ್ಚುತ್ತೇವೆ, ಅದನ್ನು ಮಾಡಿದವರು ಯಾರು ಅಂತ ಮಾತ್ರ ಕೇಳುವುದಿಲ್ಲ.

ಅಮೆರಿಕದ ಎಷ್ಟೋ ಅಡುಗೆಮನೆಗಳಲ್ಲಿ ಹೀಗೇ ಅಜ್ಜಿಯಿಂದ ಮೊಮ್ಮಗಳಿಗೆ ಬಂದ ಚಾಕು ಒಂದಿದೆ. ಹೆಸರು 'ಓಲ್ಡ್ ಹಿಕರಿ'. ನೋಡೋಕೆ ಏನೂ ಥಳುಕಿಲ್ಲ. ಕಾರ್ಬನ್ ಉಕ್ಕಿನ ಅಲಗು, ಹಿಕರಿ ಮರದ ಹಿಡಿ, ಎರಡನ್ನೂ ಬಿಗಿದ ಹಿತ್ತಾಳೆಯ ರಿವೆಟ್ಟು, ಅಷ್ಟೆ. ಹಿಕರಿ ಅಲ್ಲಿನ ಬಲು ಗಟ್ಟಿ ಮರ. ಕೊಡಲಿ, ಸುತ್ತಿಗೆಗಳ ಕಾವಿಗೂ ಅದೇ. ಅಲ್ಲಿನ ಏಳನೆಯ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್‌ಗೆ ಸೈನಿಕರು ಇಟ್ಟಿದ್ದ ಅಡ್ಡಹೆಸರೂ ಇದೇ. ಆಸಾಮಿ ಅಷ್ಟು ಗಟ್ಟಿ!

ಈ ಉಕ್ಕು ಸ್ಟೇನ್‌ಲೆಸ್ ಸ್ಟೀಲಿನ ಹಾಗೆ ಸದಾ ಹೊಳೆಯುವುದಿಲ್ಲ. ನಿಂಬೆಹಣ್ಣು, ಟೊಮೆಟೊ ಹೆಚ್ಚಿದರೆ ಕಪ್ಪಾಗುತ್ತೆ. ಒದ್ದೆ ಬಿಟ್ಟರೆ ತುಕ್ಕು. ಆದರೆ ಸಾಣೆ ಹಿಡಿದರೆ ಬೇಗ ಹರಿತವಾಗುತ್ತೆ. ತೊಳೆದ ಕೂಡಲೇ ಒರೆಸಿ, ಒಂದು ತೊಟ್ಟು ಎಣ್ಣೆ ಸವರಿಟ್ಟರೆ ವರ್ಷಗಟ್ಟಲೆ ಬಾಳುತ್ತೆ. ನಿಮ್ಮ ಕಬ್ಬಿಣದ ಈಳಿಗೆಗೂ ಇದೇ ಉಪಚಾರ ಮಾಡಿ ನೋಡಿ.

ಇದನ್ನು ಮಾಡುತ್ತಿದ್ದದ್ದು ಒಂಟಾರಿಯೊ ನೈಫ್ ಕಂಪನಿ. ಹೆಸರು ಕೇಳಿ ಕೆನಡಾ ಅಂದುಕೊಳ್ಳಬೇಡಿ. ನ್ಯೂಯಾರ್ಕ್ ರಾಜ್ಯದಲ್ಲೂ ಒಂಟಾರಿಯೊ ಅನ್ನುವ ಕೌಂಟಿ ಒಂದಿದೆ. 1889ರಲ್ಲಿ ಹುಟ್ಟಿದ ಈ ಕಂಪನಿ ಆಮೇಲೆ ಅದೇ ರಾಜ್ಯದ ಫ್ರಾಂಕ್ಲಿನ್‌ವಿಲ್ ಎಂಬ ಹಳ್ಳಿಯಲ್ಲಿ ನೆಲೆಯೂರಿತು. ಎರಡು ಸಾವಿರ ಜನವೂ ಇಲ್ಲದ ಊರು. ತರಕಾರಿ ಚಾಕು ಮಾಡುವ ಈ ಕಂಪನಿಯೇ ಸೈನ್ಯಕ್ಕೆ ಬಯೊನೆಟ್ಟನ್ನೂ, ವಿಮಾನ ಚಾಲಕರಿಗೆ ಆಪತ್ಕಾಲದ ಚೂರಿಯನ್ನೂ ಮಾಡಿಕೊಟ್ಟಿದೆ!

1967ರಲ್ಲಿ ಸರ್ವೊಟ್ರಾನಿಕ್ಸ್ ಎಂಬ ಕಂಪನಿ ಇದನ್ನು ಕೊಂಡಿತು. ಅದರ ಮುಖ್ಯ ಕಸುಬು ವಿಮಾನಗಳ ನಿಯಂತ್ರಣಕ್ಕೆ ಬೇಕಾದ ಬಿಡಿಭಾಗಗಳು. ಚಾಕುವಿನ ವಿಭಾಗ ನಷ್ಟದಲ್ಲಿ ಬಿತ್ತು. 2023ರಲ್ಲಿ ಅದನ್ನು ವರ್ಜೀನಿಯಾದ ಬ್ಲೂ ರಿಡ್ಜ್ ನೈವ್ಸ್ ಎಂಬ ಸಗಟು ವ್ಯಾಪಾರದ ಸಂಸ್ಥೆಗೆ ಮಾರಿದರು. ಹೆಸರೇನೋ ಮಾರಾಟವಾಯಿತು, ಫ್ರಾಂಕ್ಲಿನ್‌ವಿಲ್ಲಿನ ಕಾರ್ಖಾನೆಗೆ ಬೀಗ ಬಿತ್ತು.

ಲೆಕ್ಕಪತ್ರ ನೋಡಿದರೆ ಮಾಡಿದ್ದು ತಪ್ಪೆನ್ನಲಾಗದು. ಆದರೆ ನನಗೆ ಕೆಡುಕೆನಿಸಿದ್ದು ಆ ಹಳ್ಳಿಯ ಸಂಸಾರಗಳನ್ನು ನೆನೆದು. ಅಲಗನ್ನು ಸಾಣೆಗೆ ಎಷ್ಟು ಓರೆಯಾಗಿ ಹಿಡಿಯಬೇಕು, ಎಷ್ಟು ಒತ್ತಬೇಕು ಎಂಬುದು ಪುಸ್ತಕ ಓದಿ ಬರುವ ವಿದ್ಯೆಯೇ? ಕೈಗೆ ಅದು ಹತ್ತುವುದಕ್ಕೆ ವರ್ಷಗಳೇ ಬೇಕು. ಅಷ್ಟು ಚಿಕ್ಕ ಊರಿನಲ್ಲಿ ಆ ಕೈಗೆ ಇನ್ನೊಂದು ಚಾಕುವಿನ ಕಾರ್ಖಾನೆ ಎಲ್ಲಿ ಸಿಗಬೇಕು, ನೀವೇ ಹೇಳಿ.